ಕಂತಿನ ಚಿಂತೆ, ಮೈಯ ಸವಕಳಿ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಗೆ, ಹೆಸರಿನಲ್ಲೇ ಸಂತೆಯನ್ನು ಇಟ್ಟುಕೊಂಡ ಊರಿನಲ್ಲಿ ಬೇರೆಯದೇ ತೂಕ ಬರುತ್ತದೆ. ಚಾಮರಾಜನಗರ, ಯಳಂದೂರು, ತಿ. ನರಸೀಪುರದ ಕಡೆಯ ದಾರಿಗಳು ಕೂಡುವ ಸಂತೆಮರಹಳ್ಳಿಯಂಥ ಊರಿನ ಸಂತೆಯಲ್ಲಿ, ಕೂಗಾಟದ ನಡುವೆಯೇ ಮೂಟೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚುವವರು ಇರುತ್ತಾರೆ. ಅದೇ ಸೀಮೆಯ ಸದ್ದಿಲ್ಲದ ಮನೆಯಲ್ಲಿ, ಮೊದಲ ಕೋಳಿ ಕೂಗುವ ತನಕ ಜಂತೆ ಎಣಿಸುತ್ತ ಮಲಗಿರುವವರೂ ಇರುತ್ತಾರೆ. ನಿದ್ದೆ ಕೆಡಿಸುವುದು ಹೊರಗಿನ ಗದ್ದಲಕ್ಕಿಂತ ಒಳಗಿನ ಗದ್ದಲವೇ ಎಂಬುದನ್ನು ಗಾದೆ ಕಟ್ಟಿದವರು ಕಂಡುಕೊಂಡಿದ್ದರು. 2025ರ ಜನವರಿಯಲ್ಲಿ ಈ ಗಾದೆಯ ಇನ್ನೊಂದು ಮುಖ ಇದೇ ಚಾಮರಾಜನಗರ ತಾಲ್ಲೂಕಿನಲ್ಲಿ ನಾಡಿಗೆಲ್ಲ ಕಾಣಿಸಿತು. ಮೈಕ್ರೋ ಫೈನಾನ್ಸ್ ಸಾಲದ ವಸೂಲಿಯ ಕಾಟ ತಾಳಲಾರದೆ ಹೆಗ್ಗವಾಡಿಪುರವೂ ಸೇರಿ ಕೆಲವು ಹಳ್ಳಿಗಳ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿವೆ ಎಂಬ ಸುದ್ದಿ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬಂತು. ಅಂದಿನ ಚರ್ಚೆಯೆಲ್ಲ ಬಡ್ಡಿ, ಕಾನೂನು, ಪೊಲೀಸ್ ದೂರುಗಳ ಸುತ್ತ ನಡೆಯಿತು. ಬೀಗ ಹಾಕುವ ಹಿಂದಿನ ತಿಂಗಳುಗಳಲ್ಲಿ ಆ ಮನೆಯವರ ನಿದ್ದೆ, ರಕ್ತದೊತ್ತಡ, ಎದೆಬಡಿತ ಏನಾಗಿದ್ದವು ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆಯನ್ನು ಕೇಳಲೇಬೇಕು. ಒತ್ತಡವೆಂದರೆ ಮನಸ್ಸಿಗೆ ಮಾತ್ರ ಸಂಬಂಧಿಸಿದ್ದು, ಗಟ್ಟಿ ಮನಸ್ಸಿನವರನ್ನು ಅದು ಮುಟ್ಟುವುದಿಲ್ಲ, ಅದು ಬೆಂಗಳೂರಿನ ಕಂಪನಿ ನೌಕರರ ಕಾಯಿಲೆ ಎಂಬ ಮೂರು ತಪ್ಪು ತಿಳಿವಳಿಕೆಗಳು ನಮ್ಮಲ್ಲಿ ಬೇರೂರಿವೆ. ಕಳೆದ ಒಂದು ಶತಮಾನದ ವೈದ್ಯವಿಜ್ಞಾನ ಬೇರೆಯದನ್ನೇ ಹೇಳುತ್ತದೆ. ಕಷ್ಟ ಎಷ್ಟು ದೊಡ್ಡದು ಎಂಬುದಕ್ಕಿಂತ ಅದಕ್ಕೊಂದು ಕೊನೆ ಇದೆಯೇ, ಅದರ ಹಗ್ಗ ನಮ್ಮ ಕೈಯಲ್ಲಿದೆಯೇ ಎಂಬುದರ ಮೇಲೆ ಅದು ಮೈಗೆ ಮಾಡುವ ಹಾನಿ ನಿಂತಿದೆ. ಕೊನೆಯಿಲ್ಲದ, ಹಿಡಿತಕ್ಕೆ ಸಿಗದ ಚಿಂತೆ ರಕ್ತನಾಳ, ಹೊಟ್ಟೆ, ಮಿದುಳು ಮೂರನ್ನೂ ಸವೆಸುತ್ತದೆ. ಆದ್ದರಿಂದ ಅದರ ಚಿಕಿತ್ಸೆಯನ್ನು ವ್ಯಕ್ತಿಯೊಬ್ಬನ ಮನೋಬಲಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ಆಸ್ಪತ್ರೆಗೂ ಸಾಲದ ಪುಸ್ತಕಕ್ಕೂ ಸಂಬಂಧವಿದೆ.

ಮೊದಲು ಒತ್ತಡ ಮೈಯೊಳಗೆ ನಡೆಸುವ ಕೆಲಸವನ್ನು ನೋಡೋಣ. ಬಂಡೀಪುರದ ಅಂಚಿನ ಹೊಲದಲ್ಲಿ ರಾತ್ರಿ ಕಾವಲಿಗೆ ಕೂತ ರೈತನಿಗೆ ಹತ್ತು ಮಾರು ದೂರದಲ್ಲಿ ಆನೆ ಕಂಡಿತು ಎಂದಿಟ್ಟುಕೊಳ್ಳಿ. ಅವನು ಯೋಚಿಸುವ ಮೊದಲೇ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಬಿರುಸಾಗುತ್ತದೆ, ರಕ್ತದೊತ್ತಡ ಏರುತ್ತದೆ, ಹೊಟ್ಟೆಯ ಕಡೆ ಹೋಗುತ್ತಿದ್ದ ರಕ್ತ ಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ. ಬೆನ್ನಿಗೇ ಪಿಟ್ಯುಟರಿ ಗ್ರಂಥಿಯ ಮೂಲಕ ಇನ್ನೊಂದು ಸಂದೇಶ ಹೊರಟು ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ಯಕೃತ್ತು ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಇಳಿಸುವಂತೆ ಮಾಡುತ್ತದೆ. ಜೀರ್ಣ, ಬೆಳವಣಿಗೆ, ಸಂತಾನದಂಥ ಈ ಕ್ಷಣಕ್ಕೆ ಬೇಡದ ಕೆಲಸಗಳನ್ನು ಹಿಂದಕ್ಕೆ ತಳ್ಳುತ್ತದೆ. ಇದು ಕಾಯಿಲೆಯಲ್ಲ, ಜೀವ ಉಳಿಸುವ ಏರ್ಪಾಡು. ಆನೆ ಕಾಡಿಗೆ ಮರಳಿತು, ರೈತ ಅಟ್ಟಣೆಯ ಮೇಲೆ ಸುಧಾರಿಸಿಕೊಂಡ ಎಂದಾದರೆ, ಸ್ವಲ್ಪ ಹೊತ್ತಿನಲ್ಲಿ ಏರಿದ್ದೆಲ್ಲ ಇಳಿಯುತ್ತದೆ. ಸಾಕಷ್ಟು ಕಾರ್ಟಿಸಾಲ್ ಬಂದಿದೆ ಎಂದು ಮಿದುಳಿಗೆ ತಿಳಿದೊಡನೆ ಅದೇ ತೂಬು ಮುಚ್ಚುತ್ತದೆ.

ತೊಂದರೆ ಶುರುವಾಗುವುದು ಆನೆ ವಾಪಸು ಹೋಗದಿದ್ದಾಗ. ಸೋಮವಾರದ ಕಂತು ಕಟ್ಟಿ ಮುಗಿಸುವಷ್ಟರಲ್ಲಿ ಗುರುವಾರದ ಇನ್ನೊಂದು ಸಂಘದ ಕಂತು ಎದುರಿಗೆ ನಿಲ್ಲುತ್ತದೆ. ಬೈಕಿನ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ಮೈ ಆನೆ ಕಂಡಂತೆಯೇ ಸಜ್ಜಾಗುತ್ತದೆ. ಓಡಲೂ ಆಗದು, ಎದುರು ನಿಂತು ಹೊಡೆದಾಡಲೂ ಆಗದು. ರಕ್ತಕ್ಕೆ ಇಳಿದ ಸಕ್ಕರೆಗೆ ಮಾಡಲು ಕೆಲಸವಿಲ್ಲ. ಹೀಗೆ ತೂಬು ವಾರಗಟ್ಟಲೆ, ವರ್ಷಗಟ್ಟಲೆ ತೆರೆದೇ ಇದ್ದರೆ ಇನ್ಸುಲಿನ್ ಮಾತು ಕೇಳುವ ಶಕ್ತಿಯನ್ನು ಜೀವಕೋಶಗಳು ಕಳೆದುಕೊಳ್ಳುತ್ತ ಬರುತ್ತವೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ರಕ್ತನಾಳಗಳ ಒಳಗೋಡೆಗೆ ಪೆಟ್ಟು ಬೀಳುತ್ತದೆ. ರಾತ್ರಿ ತಗ್ಗಬೇಕಾದ ಕಾರ್ಟಿಸಾಲ್ ಮಟ್ಟ ತಗ್ಗದೆ ನಿದ್ದೆ ಒಡೆಯುತ್ತದೆ. ನಿದ್ದೆ ಒಡೆದ ಮರುದಿನ ಆ ಮಟ್ಟ ಮತ್ತೆ ಏರುಪೇರಾಗುತ್ತದೆ. ಕರುಳಿನ ಚಲನೆ ತಪ್ಪುತ್ತದೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಲೆಕ್ಕ ತಪ್ಪುವುದೂ ಉಂಟು. ಅಮೆರಿಕದ ವಿಜ್ಞಾನಿ ಬ್ರೂಸ್ ಮೆಕ್‌ಎವನ್ 1993ರಲ್ಲಿ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ ಇದಕ್ಕೊಂದು ಶಾಸ್ತ್ರೀಯ ಹೆಸರು ಕೊಟ್ಟರು. ನಮ್ಮ ಮಾತಿನಲ್ಲಿ ಅದನ್ನು ಮೈಯ ಸವಕಳಿ ಎನ್ನಬಹುದು. ಗಾಡಿಯ ಅಚ್ಚು ಒಂದು ದಿಣ್ಣೆ ಹತ್ತಿದ್ದಕ್ಕೆ ಮುರಿಯುವುದಿಲ್ಲ. ಕೀಲೆಣ್ಣೆ ಕಾಣದೆ ದಿನಾ ಉರುಳಿದ್ದಕ್ಕೆ ಸವೆಯುತ್ತದೆ.

ಇದು ಬರೀ ತರ್ಕವಲ್ಲ, ಅಳೆದು ನೋಡಿದ ವಿಷಯ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಚಳಿ, ಗಾಯ, ಅತಿ ದುಡಿಮೆ ಹೀಗೆ ಕಾರಣ ಯಾವುದೇ ಇದ್ದರೂ ಮೈ ಒಂದೇ ಬಗೆಯಲ್ಲಿ ಬಳಲುತ್ತದೆ ಎಂದು ತೋರಿಸಿದಂದಿನಿಂದ ಈ ಹುಡುಕಾಟ ನಡೆದಿದೆ. 1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ತಾವಾಗಿ ಮುಂದೆ ಬಂದ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಹಾಕಿದರು. ಒತ್ತಡ ಅತಿ ಕಡಿಮೆ ಇದ್ದವರಲ್ಲಿ ಸುಮಾರು ಶೇ 27ರಷ್ಟು ಜನರಿಗೆ ನೆಗಡಿ ಬಂದರೆ, ಅತಿ ಹೆಚ್ಚು ಇದ್ದವರಲ್ಲಿ ಶೇ 47ರಷ್ಟು ಜನರಿಗೆ ಬಂತು. ಎಲ್ಲರ ಮೂಗಿಗೂ ವೈರಸ್ ಬಿದ್ದಿತ್ತು. ತಡೆಯುವ ಶಕ್ತಿ ಬೇರೆ. 1995ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನ ಚಿಕ್ಕದು, ಆದರೆ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಪ್ರತಿ ಹೆಂಗಸಿಗೂ ಅರ್ಥವಾಗುವಂಥದ್ದು. ಮರೆವಿನ ಕಾಯಿಲೆಯ ಹಿರಿಯರ ಆರೈಕೆ ಮಾಡುತ್ತಿದ್ದ 13 ಮಹಿಳೆಯರ ಮತ್ತು ಅಂಥ ಹೊರೆ ಇಲ್ಲದ 13 ಮಹಿಳೆಯರ ತೋಳಿನಲ್ಲಿ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ಕಾದು ನೋಡಲಾಯಿತು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು.

ಹೃದಯದ ವಿಷಯಕ್ಕೆ ಬಂದರೆ ಪುರಾವೆ ಇನ್ನೂ ವಿಶಾಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತವಾದ 11,119 ಜನರನ್ನು, ಆಗದ 13,648 ಜನರೊಂದಿಗೆ ಹೋಲಿಸಿ ನೋಡಿದಾಗ, ಮನೆ ಅಥವಾ ಕೆಲಸದಲ್ಲಿ ಸದಾ ಒತ್ತಡದಲ್ಲಿದ್ದೆವು ಎಂದವರಲ್ಲಿ ಹೃದಯಾಘಾತದ ಸಂಭವ ಒತ್ತಡವೇ ಇರಲಿಲ್ಲ ಎಂದವರಿಗಿಂತ ಸುಮಾರು ಎರಡು ಪಟ್ಟು ಕಂಡುಬಂತು. ಕಾಯಿಲೆ ಬಿದ್ದ ಮೇಲೆ ಕೇಳಿದರೆ ಯಾರು ತಾನೇ ಕಷ್ಟವನ್ನು ಹೆಚ್ಚಾಗಿ ನೆನೆಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ 2021ರಲ್ಲಿ ಬಂತು. ಭಾರತವೂ ಇದ್ದ 21 ದೇಶಗಳ 1,18,706 ಜನರನ್ನು ಮೊದಲೇ ಪ್ರಶ್ನಿಸಿ, ಅವರಿಗೆ ಮುಂದೇನಾಯಿತು ಎಂದು ಸುಮಾರು ಹತ್ತು ವರ್ಷ ಗಮನಿಸಿದ ಪ್ಯೂರ್ ಅಧ್ಯಯನದ ಲೆಕ್ಕವದು. ಅಲ್ಲಿ ಮನೆ ಮತ್ತು ಕೆಲಸದ ಒತ್ತಡದ ಜೊತೆ ಹಣಕಾಸಿನ ಸಂಕಷ್ಟವನ್ನೂ ಕೇಳಿ ಬರೆದುಕೊಂಡಿದ್ದರು. ಹೆಚ್ಚಿನ ಒತ್ತಡವಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ 22ರಷ್ಟು, ಪಾರ್ಶ್ವವಾಯುವಿನ ಅಪಾಯ ಶೇ 30ರಷ್ಟು ಹೆಚ್ಚಿತ್ತು. ಎರಡು ಪಟ್ಟು ಎಂಬ ಮೊದಲ ಅಂದಾಜು ಇಲ್ಲಿ ತಗ್ಗಿದೆ, ನಿಜ. ಆದರೆ ಸಂಬಂಧ ಉಳಿದಿದೆ. ತಂಬಾಕು, ತೂಕ, ರಕ್ತದೊತ್ತಡದಂಥ ಇತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದಿದೆ.

ಇನ್ನು ಹಗ್ಗ ಯಾರ ಕೈಯಲ್ಲಿದೆ ಎಂಬ ಮಾತು. ಒತ್ತಡ ಹೆಚ್ಚಿರುವುದು ದೊಡ್ಡ ಹುದ್ದೆಯವರಿಗೆ, ಹೃದಯಾಘಾತವೂ ಅವರದೇ ಕಾಯಿಲೆ ಎಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 1980ರ ದಶಕದಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನ ಈ ನಂಬಿಕೆಯನ್ನು ಕೆಡವಿತು. ಕೆಲಸ ಹೇಗೆ, ಯಾವಾಗ ಮಾಡಬೇಕು ಎಂಬುದರಲ್ಲಿ ತಮಗೆ ಯಾವ ಮಾತೂ ಇಲ್ಲದ ನೌಕರರಲ್ಲೇ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಈ ಕನ್ನಡಿಯನ್ನು ನಮ್ಮ ಸೀಮೆಯ ಕಡೆ ತಿರುಗಿಸಿ. ಅರಿಸಿನ ಬೆಳೆಯುವವನು ಎಂಟು-ಒಂಬತ್ತು ತಿಂಗಳು ಕಾಯಬೇಕು. ಕೊನೆಗೆ ಬೆಲೆ ಹೇಳುವವನು ಅವನಲ್ಲ. ಟೊಮೆಟೊ, ಸಾಂಬಾರ್ ಈರುಳ್ಳಿಯ ದರ ಈ ವಾರ ಇದ್ದಂತೆ ಮುಂದಿನ ವಾರ ಇರದು. ಕಬ್ಬಿನ ಕಟಾವಿನ ಸರದಿ ಕಾರ್ಖಾನೆಯದು. ರೇಷ್ಮೆ ಹುಳ ಸಾಕಿದ ಮನೆಯವರು ರಾತ್ರಿ ಎದ್ದು ಸೊಪ್ಪು ಹಾಕಿ ಗೂಡು ಬಿಡಿಸಿದರೂ ದರ ತಿಳಿಯುವುದು ಹರಾಜಿನಲ್ಲಿ. ಕಾಡಂಚಿನಲ್ಲಿ ಬೆಳೆ ಉಳಿಯುವುದೂ ಅಳಿಯುವುದೂ ಆನೆ, ಹಂದಿಗಳ ಪಾಲಿನದು. ಅಲ್ಲಿ ಕಾವಲಿನ ನೆಪದಲ್ಲಿ ನಿದ್ದೆಯೂ ಹೋಗುತ್ತದೆ. ದುಡಿಮೆಯೆಲ್ಲ ತನ್ನದು, ತೀರ್ಮಾನವೆಲ್ಲ ಬೇರೆಯವರದು ಎಂಬ ಬದುಕು ಲಂಡನ್ನಿನ ಗುಮಾಸ್ತನಿಗಿಂತ ನಮ್ಮ ರೈತನಿಗೆ ಹೆಚ್ಚು ಪರಿಚಿತ.

ಅಂಥ ಬದುಕು ಬುದ್ಧಿಯ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನ ಕಬ್ಬಿನ ಗದ್ದೆಗಳಲ್ಲೇ ಒಂದು ಪುರಾವೆ ಸಿಕ್ಕಿದೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಒಂದೇ ಬಗೆಯ ಬುದ್ಧಿಪರೀಕ್ಷೆಯನ್ನು ಎರಡು ಬಾರಿ ಕೊಟ್ಟರು: ಒಮ್ಮೆ ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ, ಇನ್ನೊಮ್ಮೆ ಕಟಾವಾಗಿ ಹಣ ಬಂದ ಮೇಲೆ. ಹಣ ಬಂದ ಮೇಲೆ ಅದೇ ರೈತ ಹೆಚ್ಚು ಸರಿಯಾಗಿ, ಹೆಚ್ಚು ಬೇಗ ಉತ್ತರಿಸಿದ. ಕಾರ್ಖಾನೆಗಳು ಸರದಿಯ ಮೇಲೆ ಕಟಾವು ಮಾಡಿಸುವುದರಿಂದ ಒಂದೇ ತಿಂಗಳಲ್ಲಿ ಒಬ್ಬನಿಗೆ ಹಣ ಬಂದಿರುತ್ತದೆ, ಇನ್ನೊಬ್ಬನಿಗೆ ಬಂದಿರುವುದಿಲ್ಲ. ಹಾಗಾಗಿ ಇದು ಹವಾಮಾನದ ಪ್ರಭಾವ ಎನ್ನುವಂತಿರಲಿಲ್ಲ. ಇದೆಲ್ಲ ಕಾರ್ಟಿಸಾಲ್‌ನ ಕೆಲಸ ಎಂದು ಸಂಶೋಧಕರು ಹೇಳಲಿಲ್ಲ. ಹಣದ ಚಿಂತೆ ಮಿದುಳಿನ ಜಾಗವನ್ನೇ ಆಕ್ರಮಿಸಿ, ಬೇರೆ ಯೋಚನೆಗೆ ಎಡೆ ಬಿಡುವುದಿಲ್ಲ ಎಂದರು. ಸಾಲಗಾರನ ತಪ್ಪು ತೀರ್ಮಾನಗಳನ್ನು ಕಂಡು ‘ಬುದ್ಧಿ ಇಲ್ಲ’ ಎಂದು ಬೈಯುವ ಮುನ್ನ ಇದನ್ನು ನೆನೆಯಬೇಕು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದವನ ಬುದ್ಧಿ ಹಿಂದೆ ಚುರುಕಾಗಿಯೇ ಇತ್ತು. ಕಂತಿನ ಲೆಕ್ಕ ಅದನ್ನು ಬಾಡಿಗೆಗೆ ಹಿಡಿದಿದೆ. ದೀರ್ಘ ಒತ್ತಡ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನ ನರತಂತುಗಳನ್ನು ಮೊಟಕುಗೊಳಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಆತಂಕ, ಖಿನ್ನತೆಗೆ ಅದು ದಾರಿ ಮಾಡಿಕೊಡುವುದನ್ನು ಮನೋವೈದ್ಯರು ದಿನವೂ ಕಾಣುತ್ತಾರೆ.

ಹಾಗೆಂದು ನಮ್ಮ ಹಳ್ಳಿಯವರು ಡಾಕ್ಟರ ಮುಂದೆ ಕೂತು ‘ನನಗೆ ಖಿನ್ನತೆ’ ಎನ್ನುವುದಿಲ್ಲ. ಸುಸ್ತು, ಕೈಕಾಲು ಸೆಳೆತ, ತಲೆಭಾರ, ಎದೆ ಹಿಡಿದಂತಾಗುವುದು, ಗ್ಯಾಸು, ಉಷ್ಣ ಎನ್ನುತ್ತಾರೆ. ಇದು ಅಜ್ಞಾನದ ಮಾತಲ್ಲ. ಅವರಿಗೆ ನೋವು ನಿಜವಾಗಿಯೂ ಅಲ್ಲೇ ಇದೆ. ಸಾಲದ ಬಗ್ಗೆ ಬರೆದ ಸರ್ವಜ್ಞ ಕೂಡ, ಸಾಲಿಗ ಬಾಗಿಲಿಗೆ ಬಂದಾಗಿನ ಸಂಕಟವನ್ನು ಎಲುಬು ಕೀಲುಗಳ ನೋವಾಗಿಯೇ ಕಂಡವನು. ಆದರೆ ನೋವಿನ ಮಾತ್ರೆ, ಗ್ಲೂಕೋಸ್ ಬಾಟಲಿ, ವಿಟಮಿನ್ ಇಂಜೆಕ್ಷನ್ನಿನಲ್ಲಿ ಚಿಕಿತ್ಸೆ ಮುಗಿದರೆ ಬೇರು ಹಾಗೇ ಉಳಿಯುತ್ತದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನ ಯಾವುದಾದರೊಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಸಮಸ್ಯೆಗಳಲ್ಲಿ ಶೇ 80ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಳ್ಳಿಯಲ್ಲಿ ನೆಮ್ಮದಿ ಇದೆ, ಒತ್ತಡವೆಲ್ಲ ಪಟ್ಟಣದ್ದು ಎಂಬ ನಂಬಿಕೆಯನ್ನು ಕನ್ನಡದ ನೆಲದಲ್ಲೇ ಪರೀಕ್ಷಿಸಿ ಅರ್ಧ ಶತಮಾನವಾಯಿತು. ಕರಾವಳಿಯ ಕೋಟ ಗ್ರಾಮದ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ನಡುವೆ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಒತ್ತಡ, ಬದಲಾವಣೆ, ಮನೋರೋಗ ಎಂಬ ಮೂರು ಮಾತುಗಳು ಅದರ ಶೀರ್ಷಿಕೆಯಲ್ಲೇ ಇವೆ. ಹೊರಗಿನವರಿಗೆ ಶಾಂತವಾಗಿ ಕಾಣುವ ಹಳ್ಳಿಯಲ್ಲೂ ಮನಸ್ಸಿನ ಯಾತನೆ ಸಾಮಾನ್ಯ ಎಂಬುದನ್ನು ಅದು ಮನೆಮನೆಗೆ ಹೋಗಿ ಕೇಳಿ ದಾಖಲಿಸಿತು.

ಈಗ ಕಂತಿನ ಸಾಲಕ್ಕೆ ಮರಳೋಣ. ಒತ್ತಡವನ್ನು ಅಪಾಯಕಾರಿ ಮಾಡುವ ಗುಣಗಳೆಲ್ಲ ಅದರಲ್ಲಿ ಒಟ್ಟಿಗೆ ಸೇರಿಕೊಳ್ಳುವುದರಿಂದಲೇ ಅದು ಆರೋಗ್ಯದ ಪ್ರಶ್ನೆಯಾಗುತ್ತದೆ. ಅದು ವಾರವಾರ, ತಿಂಗಳು ತಿಂಗಳು ಬರುತ್ತದೆ. ಬೆಳೆ, ಕೂಲಿ ಮಾತ್ರ ಹಾಗೆ ಲೆಕ್ಕ ಹಿಡಿದು ಬರುವುದಿಲ್ಲ. ಸಾಲ ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿರುತ್ತದೆ, ಖರ್ಚಿನ ತೀರ್ಮಾನ ಎಷ್ಟೋ ಮನೆಗಳಲ್ಲಿ ಗಂಡಸರದು. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ತುಂಬಬೇಕು. ಹಾಗಾಗಿ ಕಷ್ಟಕ್ಕೆ ಹೆಗಲು ಕೊಡಬೇಕಿದ್ದ ಓರಗಿತ್ತಿ, ನೆರೆಮನೆಯವಳೇ ಕೇಳುವವಳಾಗಿ ಬಾಗಿಲಿಗೆ ಬರುತ್ತಾಳೆ. ಒತ್ತಡವನ್ನು ಇಳಿಸುವ ಔಷಧಿಗಳಲ್ಲಿ ಮೊದಲನೆಯದು ಪಕ್ಕದವರ ಆಸರೆ. ಆ ಆಸರೆಯೇ ಅವಮಾನದ ಮೂಲವಾದರೆ ಉಳಿಯುವುದು ಒಂಟಿತನ. ಅದನ್ನು ಮರೆಯಲು ಗಂಡಸರು ಕುಡಿತಕ್ಕೆ ಇಳಿಯುವುದುಂಟು. ಕುಡಿತ ಬೇಗ ಮಂಪರು ತರಿಸಿದರೂ ನಡುರಾತ್ರಿ ನಿದ್ದೆ ಕೆಡಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ಮನೆಯ ಹಣವನ್ನೂ ಹೆಂಡತಿಯ ನೆಮ್ಮದಿಯನ್ನೂ ತಿನ್ನುತ್ತದೆ. ಕೂಲಿಗೆಂದು ಕೇರಳ, ನೀಲಗಿರಿಯ ಕಡೆ ಗಂಡ ಹೊರಟರೆ ಮಕ್ಕಳು, ಮುದುಕರು, ಕಂತು ಮೂರೂ ಒಬ್ಬಳ ತಲೆಯ ಮೇಲೆ. ಹೊರೆ ಹೀಗೆ ಕೈಯಿಂದ ಕೈಗೆ ಜಾರಿ, ಕೊನೆಗೆ ತಂಗುವುದು ಹೆಚ್ಚಿನ ಪಾಲು ಹೆಂಗಸರ ಮೈಯಲ್ಲಿ.

ಇಷ್ಟಕ್ಕೆ ಹಲವರು ಆಕ್ಷೇಪ ಎತ್ತುತ್ತಾರೆ, ಅವನ್ನು ಬದಿಗೆ ಸರಿಸುವಂತಿಲ್ಲ. ನಮ್ಮ ಹಿರಿಯರು ಬರ, ಪ್ಲೇಗು, ಜೀತ ಎಲ್ಲವನ್ನೂ ಕಂಡವರು, ಅವರಿಗಿಲ್ಲದ ಒತ್ತಡ ಇವರಿಗೇಕೆ ಎಂಬುದು ಮೊದಲನೆಯದು. ಹಿರಿಯರಿಗೆ ಒತ್ತಡ ಇರಲಿಲ್ಲ ಎಂಬುದಕ್ಕೆ ಆಧಾರವೇನೂ ಇಲ್ಲ. ರಕ್ತದೊತ್ತಡ ನೋಡುವ ಯಂತ್ರ ಹಳ್ಳಿಗೆ ಬರುವ ಮೊದಲು ‘ಎದೆ ಒಡೆದು ಸತ್ತ’, ‘ಕೊರಗಿ ಕೊರಗಿ ಹೋದಳು’ ಎಂಬ ಮಾತುಗಳೇ ಅಂದಿನ ಮರಣಪತ್ರಗಳಾಗಿದ್ದವು. ಎರಡನೆಯದು, ಎಲ್ಲ ಕಾಯಿಲೆಗೂ ಒತ್ತಡವೇ ಕಾರಣ ಎನ್ನುವುದು ವೈದ್ಯರ ಸೋಮಾರಿತನ ಎಂಬ ಮಾತು. ಈ ಎಚ್ಚರಿಕೆ ಬೇಕಾದದ್ದು. ಜಠರದ ಹುಣ್ಣಿಗೆ ಚಿಂತೆಯೇ ಕಾರಣ ಎಂದು ದಶಕಗಳ ಕಾಲ ಪಾಠ ಹೇಳಲಾಯಿತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದಲ್ಲಿ, ಬಹುತೇಕ ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಇದೆ ಎಂದು ತೋರಿಸಿದರು. ಅದಕ್ಕೆ 2005ರಲ್ಲಿ ನೊಬೆಲ್ ಬಂತು. ಆದ್ದರಿಂದ ಎದೆನೋವು ಎಂದು ಬಂದವರನ್ನು ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಇಸಿಜಿ ಮಾಡದೆ ಕಳಿಸುವುದು ಅಪರಾಧ. ತಪಾಸಣೆ ಮೊದಲು, ಚಿಂತೆಯ ಮಾತು ಆಮೇಲೆ. ಆದರೆ ಆ ಎರಡನೆಯ ಮಾತನ್ನು ಆಡದೇ ಬಿಡುವುದೂ ಅರ್ಧ ಚಿಕಿತ್ಸೆಯೇ.

ಸಾಲ ಮಾಡಲು ಯಾರೂ ಬಲವಂತ ಮಾಡಿರಲಿಲ್ಲ, ಸಂಘದ ಸಾಲ ಇಲ್ಲದಿದ್ದರೆ ಬಡವರು ಮೀಟರ್ ಬಡ್ಡಿಯವರ ಬಾಯಿಗೇ ಬೀಳುತ್ತಿದ್ದರು ಎಂಬುದು ಮೂರನೆಯ ವಾದ. ಇದರಲ್ಲಿ ಸತ್ಯಾಂಶವಿದೆ. ಅಡಮಾನವಿಲ್ಲದೆ ಸಿಗುವ ಸಾಲ ಎಷ್ಟೋ ಹೆಂಗಸರಿಗೆ ಹಸು ಕೊಳ್ಳಲು, ಅಂಗಡಿ ಇಡಲು, ಮಕ್ಕಳ ಫೀಸು ಕಟ್ಟಲು ನೆರವಾಗಿದೆ. ಪ್ರಶ್ನೆ ಇರುವುದು ಸಾಲದ ಅಳತೆ ಮತ್ತು ವಸೂಲಿಯ ರೀತಿಯಲ್ಲಿ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮಗಳೇ ಇದಕ್ಕೆ ಅಳತೆಗೋಲು ಕೊಟ್ಟಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಈ ಸಾಲದಲ್ಲಿ, ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವಸೂಲಿಗಾರರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದು. ಬೆದರಿಕೆ, ನಿಂದನೆ ಕೂಡದು. ಹೆಗ್ಗವಾಡಿಪುರದಂಥ ಸುದ್ದಿಗಳು ರಾಜ್ಯದ ಹಲವೆಡೆಯಿಂದ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿತ್ತು. ಈ ನಿಯಮಗಳನ್ನು ಹಣಕಾಸಿನ ನಿಯಮಗಳೆಂದಷ್ಟೇ ಓದುವುದು ಸಾಲದು. ಸಂಜೆ 6ರ ನಂತರ ಕರೆ ಮಾಡಬಾರದು ಎಂಬುದು ರಾತ್ರಿಯ ನಿದ್ದೆಯನ್ನು ಕಾಯುವ ನಿಯಮ. ಆದಾಯದ ಅರ್ಧ ಎಂಬ ಮಿತಿ ರಕ್ತದೊತ್ತಡದ ಮಿತಿಯೂ ಹೌದು.

ಕೊನೆಯ ಆಕ್ಷೇಪ ನಮ್ಮ ಸಂಸ್ಕೃತಿಗೆ ಹತ್ತಿರದ್ದು: ಧ್ಯಾನ, ಪ್ರಾಣಾಯಾಮ, ದೇವರ ಮೇಲೆ ಭಾರ ಹಾಕುವುದು ಇರುವಾಗ ಇದೆಲ್ಲ ಏಕೆ? ನಿಧಾನವಾದ ಉಸಿರು ಎದೆಬಡಿತವನ್ನು ತಗ್ಗಿಸುತ್ತದೆ ಎಂಬುದು ಸತ್ಯ; ಯೋಗದ ಪರಿಣಾಮದ ಬಗ್ಗೆ ನಿಮ್ಹಾನ್ಸ್‌ನಲ್ಲೇ ದಶಕಗಳಿಂದ ಸಂಶೋಧನೆ ನಡೆದಿದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ನಡಿಗೆ, ಜೊತೆಗಾರರು, ನಂಬಿಕೆ ಮೂರೂ ಒಟ್ಟಿಗೆ ಸಿಗುತ್ತವೆ. ಇವೆಲ್ಲ ಬೇಕು. ಆದರೆ ಉಸಿರಾಟದಿಂದ ಕಂತು ಕರಗುವುದಿಲ್ಲ. ಮೈಯನ್ನು ಶಾಂತಗೊಳಿಸುವುದು ಒಂದು ಕೆಲಸ, ಹೊರೆ ಇಳಿಸುವುದು ಇನ್ನೊಂದು. ಎರಡನೆಯದನ್ನು ಮರೆಸಲು ಮೊದಲನೆಯದನ್ನು ಬಳಸಬಾರದು. ಹೊರೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಇಂಡೊನೇಷ್ಯಾ ತೋರಿಸಿದೆ. ಅಲ್ಲಿನ ಸರ್ಕಾರ ಬಡ ಕುಟುಂಬಗಳ ಕೈಗೆ ನೇರವಾಗಿ ಹಣ ಕೊಟ್ಟ ಪ್ರದೇಶಗಳಲ್ಲಿ ಆತ್ಮಹತ್ಯೆಗಳು ಸುಮಾರು ಶೇ 18ರಷ್ಟು ಇಳಿದವು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಅಲ್ಲಿ ಯಾರಿಗೂ ಮನೋಬಲದ ಉಪದೇಶ ಮಾಡಿರಲಿಲ್ಲ. ಎಲ್ಲ ಒತ್ತಡವೂ ಕೆಟ್ಟದ್ದಲ್ಲ ಎಂಬುದೂ ಇಲ್ಲಿ ನೆನಪಿರಲಿ. ಪರೀಕ್ಷೆಯ ಹಿಂದಿನ ರಾತ್ರಿಯ ಕಾತರ, ಮದುವೆ ಮನೆಯ ಓಡಾಟ, ಬಿತ್ತನೆಯ ಹದಕ್ಕೆ ಸರಿಯಾಗಿ ಏಳುವ ತವಕ ನಮ್ಮನ್ನು ಚುರುಕಾಗಿಸುತ್ತವೆ. ಅವಕ್ಕೆ ಕೊನೆಯಿದೆ, ಕೊನೆಯಲ್ಲೊಂದು ಫಲವಿದೆ. ತೆಗೆಯಬೇಕಾದದ್ದು ದುಡಿಮೆಯ ಬಿಸಿಯನ್ನಲ್ಲ, ಕೊನೆಯಿಲ್ಲದ ಕಾವನ್ನು.

ಹಾಗಾದರೆ ಮಾಡಬೇಕಾದ್ದೇನು? ಮಾನಸಿಕ ಆರೋಗ್ಯವನ್ನು ಸಾಮಾನ್ಯ ಆಸ್ಪತ್ರೆಯೊಳಗೆ ತರಬಹುದು ಎಂಬುದನ್ನು ದೇಶಕ್ಕೆ ಕಲಿಸಿದ್ದು ಕರ್ನಾಟಕವೇ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯಾಯಿತು. ಆ ಮಾದರಿಯ ತಿರುಳು ಸರಳ: ರೋಗಿಯನ್ನು ದೂರದ ಊರಿಗೆ ಕಳಿಸುವ ಮೊದಲು ಹತ್ತಿರದ ಆಸ್ಪತ್ರೆಯೇ ಕಿವಿಗೊಡಬೇಕು. ನಮ್ಮ ಹೋಬಳಿ ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆ ನೋಡುವಾಗ ‘ರಾತ್ರಿ ನಿದ್ದೆ ಬರ್ತದಾ? ಮನೇಲಿ ಏನಾದ್ರೂ ತೊಂದ್ರೆ ಅದಾ?’ ಎಂಬ ಎರಡು ಪ್ರಶ್ನೆ ಕೇಳಲು ಹೊಸ ಯಂತ್ರ ಬೇಕಿಲ್ಲ. ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಊಟ ಬಿಟ್ಟಿದ್ದಾರೆ, ಯಾರು ಮಾತು ಬಿಟ್ಟಿದ್ದಾರೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆ ತಿಳಿವಳಿಕೆ ವೈದ್ಯರಿಗೂ, ಸಾಲದ ದೂರು ಕೇಳುವ ಅಧಿಕಾರಿಗಳಿಗೂ ತಲುಪುವ ದಾರಿ ಇರಬೇಕು. ಸ್ವಸಹಾಯ ಸಂಘಗಳ ಸಭೆಯಲ್ಲಿ ಕಂತಿನ ಪುಸ್ತಕ ತೆರೆಯುವ ಮೊದಲು, ಈ ವಾರ ಯಾರಿಗೆ ಕಷ್ಟವಿದೆ ಎಂದು ಒಂದು ಮಾತು ಕೇಳಿದರೆ ಅದೇ ಗುಂಪು ಮತ್ತೆ ಆಸರೆಯಾಗಬಲ್ಲದು.

ಓದುಗರಲ್ಲಿ ಒಂದು ಬಿನ್ನಹ. ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ಸತ್ತರೆ ಸಾಕು ಎಂಬ ಮಾತು ಮನಸ್ಸಿಗೆ ಬಂದರೆ ಅದನ್ನು ಹಣೆಬರಹವೆಂದು ಬಗೆಯಬೇಡಿ, ನಾಚಿಕೆಯ ವಿಷಯವೆಂದು ಮುಚ್ಚಿಡಬೇಡಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಮೊದಲು ಆಸ್ಪತ್ರೆಗೆ ಹೋಗಿ. ನಿಮ್ಮ ನೆರೆಮನೆಯಲ್ಲಿ ಸಂಜೆ ದೀಪ ಹಚ್ಚದೆ ಬಾಗಿಲು ಹಾಕಿಕೊಳ್ಳುವವರಿದ್ದರೆ ಹೋಗಿ ಬಾಗಿಲು ತಟ್ಟಿ. ಆ ಮನೆಯವರು ಇಷ್ಟು ದಿನ ಕೇಳಿದ ತಟ್ಟುವಿಕೆಗಿಂತ ಅದು ಬೇರೆಯಾಗಿರಲಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ದುಡ್ಡಿಲ್ಲ.